"ಇದು ಖರೇನಾ?" ಅಂತ ಕೇಳುವ ಮಗನಿಗೆ ಏನು ಓದಲು ಕೊಡಲಿ?

ನವನಗರದವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವಿರುವುದು ಬಾಗಲಕೋಟೆ ನವನಗರದಲ್ಲಿ. ಮಗನಿಗೆ ಹನ್ನೆರಡು ವರ್ಷ, ಏಳನೇ ಕ್ಲಾಸು, ಕನ್ನಡ ಮೀಡಿಯಂ. ಓದುವ ಹುಚ್ಚು ಮೊದಲಿಂದಲೂ ಇದೆ. ಆದರೆ ಆರು ತಿಂಗಳಿಂದ ಒಂದು ಹೊಸ ತಕರಾರು ಶುರುವಾಗಿದೆ. ಯಾವ ಕಥೆ ಪುಸ್ತಕ ಕೈಗೆ ಕೊಟ್ಟರೂ ಎರಡು ಪುಟ ತಿರುವಿ "ಮಮ್ಮಿ, ಇದು ಖರೇನಾ?" ಅನ್ನುತ್ತಾನೆ. ಇಲ್ಲಪ್ಪ, ಇದು ಕಥೆ ಅಂದರೆ ಮುಗಿಯಿತು. ಅಲ್ಲೇ ಮಡಚಿ ಟಿವಿ ಪಕ್ಕ ಇಟ್ಟು ಹೊರಗೆ ಓಡುತ್ತಾನೆ. ರಾಜ ಬೇಡ, ಮಾತಾಡುವ ಗಿಳಿ ಬೇಡ. ನಡೆದದ್ದೇ ಬೇಕು.

ಹಾಗಾದರೆ ದೊಡ್ಡವರ ಜೀವನ ಚರಿತ್ರೆ ಓದಲಿ ಅಂತ ಮೈದುನನ ಮನೆಯಿಂದ ಒಂದು ಗಂಟು ಸಣ್ಣ ಪುಸ್ತಕ ತಂದೆ. ದೀಪಾವಳಿ ಸೂಟಿಯಲ್ಲಿ ಹದಿನೈದು ಓದಿ ಮುಗಿಸಿದ. ಆಮೇಲೆ ಒಂದು ದಿನ ಊಟಕ್ಕೆ ಕೂತಾಗ ಅವರಪ್ಪನಿಗೆ ಕೇಳಿದ: "ಪಪ್ಪಾ, ಇವರೆಲ್ಲಾ ಸಣ್ಣವರಿದ್ದಾಗಿಂದ ಶಾಣ್ಯಾನೇ ಇದ್ದರಾ? ಒಬ್ಬರೂ ಹೋಮ್‌ವರ್ಕ್ ತಪ್ಪಿಸಲಿಲ್ಲವಾ?" ನಮ್ಮ ಮನೆಯವರಿಗೆ ನಗು ತಡೆಯಲಿಲ್ಲ, ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಂಡಿತು. ನನಗೆ ಮಾತ್ರ ಅವನು ಕೇಳಿದ್ದರಲ್ಲಿ ತಪ್ಪೇನಿದೆ ಅನ್ನಿಸಿತು.

ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಬೇರೆಯವರು ಬರೆದ ಹೊಗಳಿಕೆ ಅಲ್ಲ, ತಮ್ಮ ಬಾಲ್ಯವನ್ನು ತಾವೇ ಹೇಳಿಕೊಂಡಂಥ ಪುಸ್ತಕ, ಈ ವಯಸ್ಸಿಗೆ ಹೊಂದುವಂಥದ್ದು ಯಾವುದಿದೆ? ಇನ್ನೊಂದು ಮಾತು. ನಮ್ಮ ಅತ್ತೆಯವರು "ಅಳುವ ಪುಸ್ತಕ ಹುಡುಗರಿಗೆ ಕೊಡಬೇಡ" ಅನ್ನುತ್ತಾರೆ. ನಡೆದದ್ದೇ ಬೇಕು ಅಂದಮೇಲೆ ಅಳು ಇಲ್ಲದ್ದು ಎಲ್ಲಿಂದ ತರಲಿ? ನೀವೇನು ಮಾಡುತ್ತೀರಿ ಹೇಳಿ. ಶಾಲೆಯಲ್ಲಿ ಕೇಳೋಣ ಅಂದರೆ ಅಲ್ಲಿನ ಲೈಬ್ರರಿ ಅಂದ್ರೆ ಒಂದು ಕಬ್ಬಿಣದ ಕಪಾಟು, ಅದರ ಚಾವಿ ಯಾರ ಹತ್ತಿರ ಇದೆ ಅಂತ ಮೂರು ಸಲ ಕೇಳಿದರೂ ಗೊತ್ತಾಗಲಿಲ್ಲ.


ಇಂಡಿ_ಲಿಂಬೆ ಬರೆದದ್ದು:

ಅಕ್ಕಾವ್ರೇ, ನಾನು ಇಂಡಿ ತಾಲೂಕಿನ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆ ಮಾಸ್ತರ. ನಿಮ್ಮ ಮಗ ಕೇಳಿದ ಪ್ರಶ್ನೆ ನನಗೆ ವರ್ಷಕ್ಕೆ ಹತ್ತು ಹುಡುಗರು ಕೇಳುತ್ತಾರೆ. ನಾನು ಕಣ್ಣು ಮುಚ್ಚಿ ಕೊಡುವ ಪುಸ್ತಕ ಒಂದೇ, ತೊತ್ತೋ-ಚಾನ್. ಜಪಾನಿನ ತೆತ್ಸುಕೋ ಕುರೋಯಾನಗಿ ತಮ್ಮದೇ ಬಾಲ್ಯದ ಬಗ್ಗೆ ಬರೆದದ್ದು. ಅಲ್ಲಿ 1981ರಲ್ಲಿ ಬಂತು, ನ್ಯಾಷನಲ್ ಬುಕ್ ಟ್ರಸ್ಟ್ ಅದನ್ನು ಕನ್ನಡದಲ್ಲೂ ತಂದಿದೆ. ಒಂದನೇ ಕ್ಲಾಸಿನಲ್ಲೇ ಶಾಲೆಯಿಂದ ಹೊರಗೆ ಹಾಕಿಸಿಕೊಂಡ ಹುಡುಗಿ ಅವಳು. ಯಾಕೆ ಹಾಕಿದರು? ಡೆಸ್ಕಿನ ಮುಚ್ಚಳ ನೂರು ಸಲ ತೆಗೆದು ಮುಚ್ಚುತ್ತಿದ್ದಳು, ಕಿಟಕಿಯಲ್ಲಿ ನಿಂತು ಬೀದಿಯಲ್ಲಿ ಹೋಗುವ ಬಾಜಾದವರನ್ನು ಕರೆಯುತ್ತಿದ್ದಳು. ನಿಮ್ಮ ಮಗನಿಗೆ ಬೇಕಿದ್ದ ಶಾಣ್ಯಾ ಅಲ್ಲದ ಮನುಷ್ಯಳು ಸಿಕ್ಕಳು ನೋಡಿ.

ಆಮೇಲೆ ಅವಳು ಹೋಗುವ ಹೊಸ ಶಾಲೆಯಲ್ಲಿ ಕ್ಲಾಸು ನಡೆಯುವುದು ಹಳೇ ರೈಲು ಡಬ್ಬಿಗಳಲ್ಲಿ. ಮೊದಲ ದಿನ ಹೆಡ್‌ಮಾಸ್ತರ ಕೊಬಾಯಾಶಿ ಅವಳ ಎದುರು ಕುರ್ಚಿ ಹಾಕಿಕೊಂಡು "ಏನು ಹೇಳಬೇಕೋ ಹೇಳು" ಅನ್ನುತ್ತಾರೆ, ನಾಲ್ಕು ತಾಸು ಕೇಳುತ್ತಾರೆ. ನಾಲ್ಕು ತಾಸು! ನಾನು ಮಾಸ್ತರಕಿಗೆ ಸೇರಿ ಹದಿನಾಲ್ಕು ವರ್ಷವಾಯಿತು, ಒಂದು ಮಗುವಿನ ಮಾತು ನಾಲ್ಕು ನಿಮಿಷ ಪೂರ್ತಿ ಕೇಳಿದ ನೆನಪಿಲ್ಲ. ಆ ಪುಟ ಓದುವಾಗ ಪ್ರತಿ ಸಲ ನನಗೇ ನಾಚಿಕೆಯಾಗುತ್ತದೆ.

ಹುಡುಗರಿಗೆ ಜಾಸ್ತಿ ಸೇರುವುದು ಪರ್ಸಿನ ಪ್ರಸಂಗ. ಅವಳ ಪರ್ಸು ಪಾಯಖಾನೆ ಗುಂಡಿಯಲ್ಲಿ ಬೀಳುತ್ತದೆ. ಅವಳು ತೋಟದವನ ಉದ್ದ ಹಿಡಿಕೆಯ ಸೌಟು ತಂದು ಎಲ್ಲಾ ಹೊರಗೆ ಎತ್ತಿ ಗುಡ್ಡೆ ಹಾಕುತ್ತಾಳೆ. ಹೆಡ್‌ಮಾಸ್ತರ ಆ ದಾರಿಯಲ್ಲಿ ಬರುತ್ತಾರೆ. ಇಲ್ಲಿ ನಾನು ಓದುವುದನ್ನು ನಿಲ್ಲಿಸಿ "ಈಗ ಅವರು ಏನು ಮಾಡಿರಬಹುದು?" ಅಂತ ಕೇಳುತ್ತೇನೆ. "ಹೊಡೀತಾರ್ರೀ ಸರ", "ಅವರಪ್ಪನ್ನ ಕರಸ್ತಾರ್ರೀ". ಪುಸ್ತಕದಲ್ಲಿ ಅವರು ಹೇಳುವುದು ಇಷ್ಟೇ, ಕೆಲಸ ಮುಗಿದ ಮೇಲೆ ಎಲ್ಲಾ ವಾಪಸ್ ಹಾಕುತ್ತೀಯಲ್ಲ? ಪರ್ಸು ಸಿಗುವುದಿಲ್ಲ. ಅವಳು ಎಲ್ಲಾ ವಾಪಸ್ ಹಾಕುತ್ತಾಳೆ. ಕ್ಲಾಸು ಒಂದು ನಿಮಿಷ ಸುಮ್ಮನಾಗುತ್ತದೆ, ಆಮೇಲೆ ಹಿಂದಿನ ಸಾಲಿನಿಂದ ಯಾರಾದರೂ "ಇದು ಖರೇ ಏನ್ರೀ ಸರ?" ಅಂದೇ ಅನ್ನುತ್ತಾರೆ. ಖರೇ ಅಂತ ಹೇಳಿದಾಗ ಅವರ ಮುಖ ನೋಡಬೇಕು ನೀವು.

ಆ ಶಾಲೆಯಲ್ಲಿ ಬುತ್ತಿಯಲ್ಲಿ ಸಮುದ್ರದ್ದು ಒಂದು, ಬೆಟ್ಟದ್ದು ಒಂದು ಇರಬೇಕು ಅಂತ ನಿಯಮ. ನಮ್ಮ ಹುಡುಗರು ಸಮುದ್ರ ನೋಡಿಲ್ಲ, ಬೆಟ್ಟವೂ ಇಲ್ಲ. ನಾವು ಅದನ್ನು ಹೊಲದ್ದು ಒಂದು, ಹಿತ್ತಲದ್ದು ಒಂದು ಅಂತ ಮಾಡಿಕೊಂಡೆವು. ರೊಟ್ಟಿ ಹೊಲದ್ದು, ಲಿಂಬೆ ಉಪ್ಪಿನಕಾಯಿ ಹಿತ್ತಲದ್ದು. ಐದನೇ ಕ್ಲಾಸಿನ ಒಬ್ಬಳು ಎದ್ದು ನಿಂತು "ಸರ, ಉಪ್ಪು ಸಮುದ್ರದ್ದಲ್ರೀ?" ಅಂದಳು. ಹೌದಲ್ವಾ! ನನಗೇ ಹೊಳೆದಿರಲಿಲ್ಲ.

ಕೊನೆಯಲ್ಲಿ ಆ ಶಾಲೆ 1945ರ ಬಾಂಬ್ ದಾಳಿಯಲ್ಲಿ ಸುಟ್ಟು ಹೋಗುತ್ತದೆ. ಅಳು ಬರುತ್ತದೆ, ಬರಲಿ ಬಿಡಿ. ಅದು ಕಹಿ ಉಳಿಸುವ ಅಳು ಅಲ್ಲ.

ಪುಸ್ತಕ ಸಿಗದಿದ್ದರೆ ಹತ್ತಿರದ ಗ್ರಾಮ ಪಂಚಾಯತಿ ಗ್ರಂಥಾಲಯಕ್ಕೂ ಹೋಗಿ ನೋಡಿ. 2020ರಲ್ಲಿ "ಓದುವ ಬೆಳಕು" ಅಂತ ಸರ್ಕಾರದ ಕಾರ್ಯಕ್ರಮ ಶುರುವಾದ ಮೇಲೆ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಪುಕ್ಕಟೆ. ಎಲ್ಲಾ ಕಡೆ ಒಳ್ಳೆ ಪುಸ್ತಕ ಇರುತ್ತದೆ ಅಂತಲ್ಲ. ಆದರೆ ಕಪಾಟಿನ ಚಾವಿ ಅಂತೂ ಇರುತ್ತದೆ.


ಟಿಳಕವಾಡಿ_ಸೈಕಲ್ ಬರೆದದ್ದು:

ಬೆಳಗಾವಿಯಿಂದ. ನಾನು ಗಾಂಧೀಜಿ ಆತ್ಮಕಥೆ ಹೇಳುತ್ತೇನೆ. ನಗಬೇಡಿ. ಪೂರ್ತಿ ಪುಸ್ತಕ ಹನ್ನೆರಡು ವರ್ಷದ ಹುಡುಗನಿಗೆ ಆಗುವುದಿಲ್ಲ, ಅರ್ಧಕ್ಕೆ ಬರುವಷ್ಟರಲ್ಲಿ ಆಹಾರದ ಪ್ರಯೋಗ ಓದಿ ಹಸಿವೇ ಹೋಗಿಬಿಡುತ್ತದೆ. ಆದರೆ ಮೊದಲ ಭಾಗದಲ್ಲಿ ಬಾಲ್ಯದ ಅಧ್ಯಾಯಗಳಿವೆಯಲ್ಲ, ಅಷ್ಟನ್ನೇ ಕೊಡಿ. ಎರಡು ಪ್ರಸಂಗ ಸಾಕು.

ಮೊದಲನೆಯದು, ಶಾಲೆಗೆ ಇನ್‌ಸ್ಪೆಕ್ಟರ್ ಬಂದು ಐದು ಇಂಗ್ಲಿಷ್ ಶಬ್ದ ಬರೆಸುತ್ತಾರೆ. ಅದರಲ್ಲಿ ಒಂದು ಕೆಟಲ್. ಹುಡುಗ ಮೋಹನ ತಪ್ಪು ಬರೆಯುತ್ತಾನೆ. ಮಾಸ್ತರರು ಬೂಟಿನ ತುದಿಯಿಂದ ತಿವಿದು, ಪಕ್ಕದವನ ಪಾಟಿ ನೋಡಿ ಬರಿ ಅಂತ ಸನ್ನೆ ಮಾಡುತ್ತಾರೆ. ಇವನಿಗೆ ಅದು ಅರ್ಥವೇ ಆಗುವುದಿಲ್ಲ! ಮಾಸ್ತರರು ಕಾಪಿ ಮಾಡಬಾರದು ಅಂತ ಕಾಯಲು ನಿಂತಿದ್ದಾರೆ ಅಂದುಕೊಂಡಿರುತ್ತಾನೆ. ಕ್ಲಾಸಿನಲ್ಲಿ ಎಲ್ಲರದೂ ಸರಿ, ಇವನೊಬ್ಬನದೇ ತಪ್ಪು. ಎರಡನೆಯದು, ಹದಿನೈದು ವರ್ಷದವನಿದ್ದಾಗ ಅಣ್ಣನ ಸಾಲ ತೀರಿಸಲು ಅಣ್ಣನದೇ ಬಂಗಾರದ ಕಡಗದಿಂದ ಒಂದು ಚೂರು ಕದ್ದದ್ದು. ಆಮೇಲೆ ತಡೆಯಲಾಗದೆ ಚೀಟಿ ಬರೆದು, ಜಡ್ಡಿನಿಂದ ಮಲಗಿದ್ದ ಅಪ್ಪನ ಕೈಗೆ ಕೊಡುತ್ತಾನೆ. ಅಪ್ಪ ಎದ್ದು ಕೂತು ಓದುತ್ತಾರೆ. ಕಣ್ಣೀರು ಚೀಟಿಯ ಮೇಲೆ ಬೀಳುತ್ತದೆ. ಚೀಟಿ ಹರಿದು ಹಾಕಿ ಮತ್ತೆ ಮಲಗುತ್ತಾರೆ. ಒಂದು ಮಾತೂ ಇಲ್ಲ.

ನನ್ನ ತಂಗಿಯ ಮಗಳಿಗೆ ಇದನ್ನು ಓದಿ ಹೇಳಿದ್ದು ಕಾಂಗ್ರೆಸ್ ಬಾವಿಯ ಹತ್ತಿರ ಕೂತು. ನಮ್ಮ ಓಣಿಯಿಂದ ಸೈಕಲ್ ಮೇಲೆ ಐದು ನಿಮಿಷ. 1924ರ ಡಿಸೆಂಬರ್‌ನಲ್ಲಿ ಇಲ್ಲಿ ಕಾಂಗ್ರೆಸ್ ಅಧಿವೇಶನ ಆದಾಗ ಗಾಂಧೀಜಿ ಅಧ್ಯಕ್ಷರು. ಅವರು ಅಧ್ಯಕ್ಷರಾದದ್ದು ಆ ಒಂದೇ ಸಲ. ಬಂದ ಜನಕ್ಕೆ ನೀರು ಬೇಕಲ್ಲ, ಅದಕ್ಕೆ ತೋಡಿದ ಬಾವಿ ಅದು. ಮುಂದಿನ ವರ್ಷ 1925ರಲ್ಲಿ ಅವರು ಈ ಆತ್ಮಕಥೆಯನ್ನು ತಮ್ಮ ನವಜೀವನ ವಾರಪತ್ರಿಕೆಯಲ್ಲಿ ಕಂತು ಕಂತಾಗಿ ಬರೆಯಲು ಶುರು ಮಾಡಿದರು. ಅಂದ್ರೆ ಈ ಬಾವಿಯ ಹತ್ತಿರ ಭಾಷಣ ಮಾಡಿದ ಮನುಷ್ಯ, ಇಡೀ ದೇಶ ಮಹಾತ್ಮ ಅನ್ನುತ್ತಿದ್ದಾಗ, ವರ್ಷ ಕಳೆಯುವಷ್ಟರಲ್ಲಿ ಕೂತು "ನಾನು ಕಳ್ಳತನ ಮಾಡಿದ್ದೆ" ಅಂತ ಪೇಪರಿನಲ್ಲಿ ಹಾಕಿಸಿದರು. ಹುಡುಗಿ ಬಾವಿಗೆ ಇಣುಕಿ ಕೇಳಿದ್ದೇನು ಗೊತ್ತಾ? "ಮಾಮಾ, ಅವರ ಅಣ್ಣಗ ಗೊತ್ತಾದ ಮ್ಯಾಲೆ ಏನಂದ?" ಅಣ್ಣನೂ ಆ ಕಳ್ಳತನದಲ್ಲಿ ಸೇರಿಯೇ ಇದ್ದ ಅಂದೆ. ಭಾರಿ ಖುಷಿಯಾದಳು. ಅವಳಿಗೂ ಅಣ್ಣ ಇದ್ದಾನೆ.

ಇನ್ನೊಂದು, ನಮ್ಮ ಊರಲ್ಲಿ ಮರಾಠಿ ಮನೆಗಳಲ್ಲಿ ಎಲ್ಲರೂ ಓದುವ ಶ್ಯಾಮಚೀ ಆಯಿ. ಸಾನೇ ಗುರುಜಿ 1933ರಲ್ಲಿ ನಾಶಿಕ ಜೈಲಿನಲ್ಲಿ ಐದೇ ದಿನದಲ್ಲಿ ಬರೆದದ್ದು. ಅಧ್ಯಾಯ ಅನ್ನುವ ಬದಲು ರಾತ್ರಿ ಒಂದು, ರಾತ್ರಿ ಎರಡು ಅಂತ ನಲವತ್ತೆರಡು ರಾತ್ರಿ. ನಾನು ಸಣ್ಣವನಿದ್ದಾಗ ಪಕ್ಕದ ಮನೆ ಅಜ್ಜಿ ಮರಾಠಿಯಲ್ಲಿ ಓದಿ ನಮಗೆ ಕನ್ನಡದಲ್ಲಿ ಹೇಳುತ್ತಿದ್ದರು. ಎಷ್ಟೋ ದಿನ ನಾನು ಅದು ಶ್ಯಾಮನ ಅಜ್ಜಿಯ ಕಥೆ ಅಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಆಯಿ ಅಂದ್ರೆ ಅಜ್ಜಿ ತಾನೇ, ಮರಾಠಿಯಲ್ಲಿ ತಾಯಿ ಅಂತ ಯಾರೂ ಹೇಳಿರಲೇ ಇಲ್ಲ! ಆ ಹುಡುಗ ಸ್ನಾನ ಮಾಡಿ ಅಂಗಾಲಿಗೆ ಮಣ್ಣು ಹತ್ತುತ್ತದೆ ಅಂತ ಹಟ ಮಾಡಿದಾಗ ತಾಯಿ ತನ್ನ ಸೀರೆ ಸೆರಗನ್ನು ಕಲ್ಲಿನ ಮೇಲೆ ಹಾಸುತ್ತಾಳಲ್ಲ, ಆ ರಾತ್ರಿ ಹೇಳುವಾಗ ಅಜ್ಜಿ ತಾವೇ ಮೊದಲು ಅತ್ತುಬಿಡುತ್ತಿದ್ದರು. ನಮಗೆ ಮುಂದಿನದು ಕೇಳಬೇಕು, ಅವರಿಗೆ ಮೂಗು ಒರೆಸಿಕೊಳ್ಳಬೇಕು.

ಹಾಂ, ನಿಮ್ಮ ಮಗ ಕಟ್ಟುನಿಟ್ಟಿನವನು ಅಂತ ಕಾಣುತ್ತದೆ, ಮೊದಲೇ ಹೇಳಿಬಿಡಿ. ಅಲ್ಲಿ ಶ್ಯಾಮ ಅನ್ನುವುದು ಇಟ್ಟ ಹೆಸರು, ಬರೆದವರ ಹೆಸರು ಪಾಂಡುರಂಗ. ಬಾಲ್ಯ ಅವರದೇ, ಹೆಸರು ಮಾತ್ರ ಬೇರೆ.


ಗುಮ್ಮಟದ_ಕೆಳಗೆ ಬರೆದದ್ದು:

ಎಲ್ಲರೂ ಹೊಗಳುತ್ತಿದ್ದೀರಿ, ನಾನು ಸ್ವಲ್ಪ ಕಡ್ಡಿ ಆಡಿಸುತ್ತೇನೆ. ತಮ್ಮ ಬಗ್ಗೆ ತಾವೇ ಬರೆದರೆ ಅದು ಖರೇ ಅಂತ ಯಾರು ಹೇಳಿದರು? ಐವತ್ತು ವರ್ಷದ ಹಿಂದಿನ ಮಾತು ಯಾರಿಗೆ ಅಕ್ಷರ ಅಕ್ಷರ ನೆನಪಿರುತ್ತದೆ? ನಮ್ಮ ವಿಜಯಪುರದ ಗುಮ್ಮಟದಲ್ಲಿ ಒಂದು ಮಾತು ಆಡಿದರೆ ಏಳು ಸಲ ಕೇಳುತ್ತದೆ, ಏಳನೆಯದನ್ನು ಕೇಳಿದವನಿಗೆ ಮೊದಲು ಏನು ಅಂದಿದ್ದರು ಅಂತ ಗೊತ್ತಾ?

ಆನ್ ಫ್ರಾಂಕ್ ದಿನಚರಿಯನ್ನೇ ತಗೊಳ್ಳಿ, ಯಾರಾದರೂ ಹೇಳಿಯೇ ಹೇಳುತ್ತೀರಿ. ಅದು ದಿನಚರಿ, ಅವತ್ತಿಂದು ಅವತ್ತೇ ಬರೆದದ್ದು, ಅದಕ್ಕಿಂತ ಖರೇ ಇಲ್ಲ ಅಂತ ನಾನೂ ಅಂದುಕೊಂಡಿದ್ದೆ. 1942ರ ಜೂನ್ 12ಕ್ಕೆ, ಹದಿಮೂರನೇ ಹುಟ್ಟುಹಬ್ಬಕ್ಕೆ ಅವಳಿಗೆ ಆ ಪುಸ್ತಕ ಸಿಕ್ಕಿತು. ಯಹೂದಿಗಳನ್ನು ಹಿಡಿದೊಯ್ಯುತ್ತಿದ್ದ ನಾಜಿಗಳಿಗೆ ಹೆದರಿ ಜುಲೈ 6ಕ್ಕೆ ಮನೆಯವರೆಲ್ಲಾ ಆಮ್‌ಸ್ಟರ್‌ಡ್ಯಾಮಿನ ಅಡಗುತಾಣಕ್ಕೆ ಹೋದರು. ಅಲ್ಲಿ ಎರಡು ವರ್ಷದ ಮೇಲೆ ಎಂಟು ಜನ. 1944ರ ಮಾರ್ಚ್‌ನಲ್ಲಿ ರೇಡಿಯೋದಲ್ಲಿ ಡಚ್ ಮಂತ್ರಿಯೊಬ್ಬರು, ಯುದ್ಧ ಮುಗಿದ ಮೇಲೆ ಜನರ ದಿನಚರಿ, ಪತ್ರ ಎಲ್ಲಾ ಕೂಡಿಸಬೇಕು ಅಂದರು. ಇದನ್ನು ಕೇಳಿ ಅವಳು ತನ್ನದೇ ದಿನಚರಿಯನ್ನು ಮೊದಲಿಂದ ತಿದ್ದಿ ಬರೆಯಲು ಕೂತಳು. ಬಿಟ್ಟದ್ದು ಬಿಟ್ಟಳು, ಸೇರಿಸಿದ್ದು ಸೇರಿಸಿದಳು. ಅದು ಮುಗಿಯುವ ಮೊದಲೇ ಆಗಸ್ಟ್ 4ಕ್ಕೆ ಹಿಡಿದೊಯ್ದರು. ಎಂಟು ಜನರಲ್ಲಿ ಬದುಕಿ ಬಂದದ್ದು ಅವಳ ಅಪ್ಪ ಒಬ್ಬರೇ. ಅವರು ಎರಡನ್ನೂ ಕೂಡಿಸಿ, ಕೆಲವು ಮಾತು ತೆಗೆದು 1947ರಲ್ಲಿ ಅಚ್ಚು ಮಾಡಿಸಿದರು. ಈಗ ಹೇಳಿ, ಯಾವುದು ಖರೇ?

ಪುಸ್ತಕ ಕೊಡಬೇಡಿ ಅನ್ನುತ್ತಿಲ್ಲ. ಕೊಡಿ. ಆದರೆ ಹುಡುಗನಿಗೆ ಈ ಕಥೆಯನ್ನೂ ಹೇಳಿ. ಖರೇ ಅಂದ್ರೆ ಖರೇ, ಸುಳ್ಳು ಅಂದ್ರೆ ಸುಳ್ಳು ಅಂತ ಎರಡೇ ಡಬ್ಬಿ ಇಟ್ಟುಕೊಂಡು ಕೂತರೆ ಮುಂದೆ ಕಷ್ಟ. ಮತ್ತೆ ಈ ಸಣ್ಣ ಜೀವನ ಚರಿತ್ರೆಗಳನ್ನು ಅಷ್ಟು ಹಗುರ ಮಾಡಬೇಡಿ. ನಾವು ಭಾರತ-ಭಾರತಿ ಮಾಲೆಯ ಸಣ್ಣ ಪುಸ್ತಕ ಓದಿ ಬೆಳೆದವರು. ಕಿಸೆಯಲ್ಲಿ ಹಿಡಿಯುತ್ತಿತ್ತು, ಬಸ್ಸಿನಲ್ಲಿ ಒಂದು ಓದಿ ಮುಗಿಯುತ್ತಿತ್ತು. ಎಲ್ಲರೂ ಶಾಣ್ಯಾ ಇದ್ದರು, ಒಪ್ಪುತ್ತೇನೆ. ಆದರೆ ಇಂಥವರೂ ಇದ್ದರು ಅಂತ ಹೆಸರಾದರೂ ಗೊತ್ತಾದದ್ದು ಅಲ್ಲಿಂದಲೇ.

ಇನ್ನೂ ಒಂದು. ನಮ್ಮ ಊರಲ್ಲೇ ಫ.ಗು. ಹಳಕಟ್ಟಿಯವರು ವಕೀಲಿ ಮಾಡಿಕೊಂಡು ಆರಾಮಾಗಿ ಇರಬಹುದಿತ್ತು. ಮನೆ ಮನೆ ತಿರುಗಿ ವಚನದ ತಾಳೆಗರಿ ಕೂಡಿಸಿದರು, ಅಚ್ಚು ಹಾಕಲು ಸ್ವಂತ ಮನೆ ಮಾರಿದರು, 1926ರಿಂದ ಶಿವಾನುಭವ ಪತ್ರಿಕೆ ನಡೆಸಿದರು. ಅವರು ಕೂತು ತಮ್ಮ ಕಥೆ ಬರೆಯಲಿ ಅಂತ ಕಾದಿದ್ದರೆ ಹುಡುಗರಿಗೆ ಹೇಳುವವರು ಯಾರು? ಬೇರೆಯವರು ಬರೆದದ್ದೂ ಬೇಕು.

ಉಳಿದಂತೆ ನಮ್ಮಂಥವರ ಮನೆಯಲ್ಲಿ ಬರೆಯುವಂಥದ್ದು ಏನೂ ನಡೆದಿರುವುದಿಲ್ಲ. ಅದಕ್ಕೇ ಜಪಾನ್, ಹಾಲೆಂಡ್ ಅಂತ ಓಡುವುದು.


ಮುದ್ದೇಬಿಹಾಳ_ಬಸ್ ಬರೆದದ್ದು:

ಗುಮ್ಮಟದವರೇ, ಏನೂ ನಡೆದಿರುವುದಿಲ್ಲವಾ? ನಮ್ಮ ಮುದ್ದೇಬಿಹಾಳದಲ್ಲೇ ಹುಟ್ಟಿದ ಅರವಿಂದ ಮಾಲಗತ್ತಿಯವರ ಆತ್ಮಕಥೆ ಗೌರ್ಮೆಂಟ್ ಬ್ರಾಹ್ಮಣ ಓದಿದ್ದೀರಾ? 1994ರದ್ದು. ದಲಿತ ಓಣಿಯಲ್ಲಿ ಬೆಳೆದ ಹುಡುಗ ಶಾಲೆಯಲ್ಲಿ, ಊರಲ್ಲಿ ಏನೇನು ಕಂಡ ಅಂತ ಬಿಡಿ ಬಿಡಿ ಪ್ರಸಂಗಗಳಲ್ಲಿ ಹೇಳುತ್ತಾರೆ. ಭಾಷೆ ನಮ್ಮದೇ, ಊರು ನಮ್ಮದೇ. ನಾನು ಪಿಯುಸಿಯಲ್ಲಿದ್ದಾಗ ಓದಿದೆ. ದಿನಾ ಹೋಗಿಬರುವ ಓಣಿಗಳು ಅದರಲ್ಲಿದ್ದವು. ಆವತ್ತಿನಿಂದ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಚಹಾ ಕುಡಿಯುವಾಗಲೂ ಯಾರಿಗೆ ಯಾವ ಕಪ್ಪು ಅಂತ ನೋಡುವ ಚಟ ಬಿತ್ತು.

ಅಕ್ಕಾ, ಹನ್ನೆರಡಕ್ಕೆ ಪೂರ್ತಿ ಕೊಡಿ ಅನ್ನಲ್ಲ. ಅದರಲ್ಲಿ ದೊಡ್ಡವರಿಗೆ ಬರೆದದ್ದು ಇದೆ. ನೀವು ಮೊದಲು ಓದಿ, ಬಾಲ್ಯದ ಎರಡು ಮೂರು ಪ್ರಸಂಗ ಆರಿಸಿ, ಪಕ್ಕದಲ್ಲಿ ಕೂತು ಓದಿಸಿ. ಅತ್ತೆಯವರು ಅಳುವ ಪುಸ್ತಕ ಬೇಡ ಅಂದರಲ್ಲ, ಅವರಿಗೆ ಎದುರು ಮಾತಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ನಿಮ್ಮ ಮಗನ ಕ್ಲಾಸಿನಲ್ಲೇ ಇಂಥದ್ದನ್ನು ದಿನಾ ನುಂಗಿಕೊಂಡು ಬರುವ ಹುಡುಗ ಒಬ್ಬ ಇರಬಹುದು. ಅವನಿಗೆ ಇದು ಪುಸ್ತಕ ಅಲ್ಲ. ಅವನ ಪಕ್ಕ ಕೂತವನಿಗೆ ಪುಸ್ತಕದಲ್ಲಾದರೂ ಗೊತ್ತಾಗಲಿ.


ಇಂಡಿ_ಲಿಂಬೆ ಬರೆದದ್ದು:

ಮುದ್ದೇಬಿಹಾಳದವರ ಮಾತಿಗೆ ಒಂದು ಸೇರಿಸುತ್ತೇನೆ. ಕ್ಲಾಸಿನಲ್ಲಿ ಎಲ್ಲರೆದುರು ಜೋರಾಗಿ ಓದಿಸಬೇಡಿ. ನಾನು ಒಮ್ಮೆ ಇಂಥದೇ ಒಂದು ಪ್ರಸಂಗ ಓದಿಸಿ ತಪ್ಪು ಮಾಡಿದೆ. ಮುಗಿಯುವಷ್ಟರಲ್ಲಿ ಇಡೀ ಕ್ಲಾಸು ತಿರುಗಿ ಒಬ್ಬನನ್ನೇ ನೋಡುತ್ತಿತ್ತು. ಅವನು ಪಾಟಿಚೀಲದ ಗುಂಡಿ ಹಾಕುತ್ತಾ ತೆಗೆಯುತ್ತಾ ಕೂತಿದ್ದ. ಮರುದಿನ ಶಾಲೆಗೆ ಬರಲಿಲ್ಲ. ನಾನೇ ಮನೆಗೆ ಹೋಗಿ ಕರೆದುಕೊಂಡು ಬಂದೆ. ಏನು ಹೇಳಬೇಕು ಅಂತ ತಿಳಿಯದೆ ದಾರಿಯುದ್ದಕ್ಕೂ ಕ್ರಿಕೆಟ್ ಬಗ್ಗೆ ಮಾತಾಡಿದೆ. ಮನೆಯಲ್ಲಿ, ಪಕ್ಕ ಕೂತು, ಅಷ್ಟೇ.


ಟಿಳಕವಾಡಿ_ಸೈಕಲ್ ಬರೆದದ್ದು:

ಹೆಲೆನ್ ಕೆಲ್ಲರ್ ಆತ್ಮಕಥೆ ಯಾರೂ ಹೇಳಲಿಲ್ಲ. ಹತ್ತೊಂಬತ್ತು ತಿಂಗಳ ಕೂಸಿದ್ದಾಗ ಜಡ್ಡಾಗಿ ಕಣ್ಣು, ಕಿವಿ ಎರಡೂ ಹೋದವು. ಏಳು ತುಂಬುವ ಮೊದಲು, 1887ರಲ್ಲಿ, ಟೀಚರ್ ಅವಳ ಒಂದು ಕೈಯನ್ನು ಪಂಪಿನ ನೀರಿಗೆ ಹಿಡಿದು ಇನ್ನೊಂದು ಕೈ ಮೇಲೆ ಬೆರಳಿನಿಂದ ನೀರು ಅಂತ ಬರೆದರು. ಆ ಪುಟ ಓದಿಸಿದ ಮೇಲೆ ಮಗನ ಕಣ್ಣಿಗೆ ಟವೆಲ್ ಕಟ್ಟಿ ಬೋರ್‌ವೆಲ್ ಹತ್ತಿರ ಕರೆದುಕೊಂಡು ಹೋಗಿ. ಉಳಿದದ್ದು ನೀವು ಹೇಳುವುದೇ ಬೇಡ. ಅಂಗಿ ಮಾತ್ರ ಹಳೇದು ಹಾಕಿಸಿ.


ನವನಗರದವಳು ಬರೆದದ್ದು:

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ, ತಡ ಆಯಿತು. ಎಲ್ಲರಿಗೂ ಉಪಕಾರ.

ತೊತ್ತೋ-ಚಾನ್ ಸಿಕ್ಕಿತು, ಎರಡು ದಿನದಲ್ಲಿ ಮುಗಿಯಿತು. ಮಾಸ್ತರರೇ, ಪರ್ಸಿನ ಪ್ರಸಂಗ ನಮ್ಮ ಮನೆಯಲ್ಲಿ ಈಗ ಎಲ್ಲರಿಗೂ ಬಾಯಿಪಾಠ, ಊಟದ ಹೊತ್ತಿನಲ್ಲಿ ಹೇಳಬೇಡ ಅಂದರೆ ಬೇಕಂತಲೇ ಹೇಳುತ್ತಾನೆ. ಆನ್ ಫ್ರಾಂಕ್ ಕೊನೆ ಏನಾಯಿತು ಅಂತ ಮೊದಲೇ ಹೇಳಿ ಕೊಟ್ಟೆ. ಗುಮ್ಮಟದವರು ಹೇಳಿದ ಎರಡು ಪ್ರತಿಯ ವಿಷಯವನ್ನೂ ಹೇಳಿದೆ. ಅವನು ಸ್ವಲ್ಪ ಹೊತ್ತು ಯೋಚನೆ ಮಾಡಿ "ಅಕಿನೇ ತಿದ್ದಿದ್ರ ನಡೀತೈತಿ" ಅಂದ. ಅರ್ಧ ಓದಿ ಇಟ್ಟಿದ್ದಾನೆ, ನಾನು ಒತ್ತಾಯ ಮಾಡಿಲ್ಲ. ಮಾಲಗತ್ತಿಯವರ ಪುಸ್ತಕ ಈಗ ನಾನೇ ಓದುತ್ತಿದ್ದೇನೆ. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ, ಸದ್ಯಕ್ಕೆ ಆಗುವುದಿಲ್ಲ.

ಆದರೆ ಬರೆಯಬೇಕು ಅನ್ನಿಸಿದ್ದು ಬೇರೆ. ಗುಮ್ಮಟದವರ "ನಮ್ಮಂಥವರ ಮನೆಯಲ್ಲಿ ಏನೂ ನಡೆದಿರುವುದಿಲ್ಲ" ಅನ್ನುವ ಮಾತನ್ನು ನಾನು ಅತ್ತೆಯವರ ಮುಂದೆ ಓದಿದೆ. ಅವರು ಸೊಪ್ಪು ಸೋಸುತ್ತಿದ್ದರು. "ಅವ್ನ ಬಾಗಲಾ ನೋಡಂತ ಹೇಳು" ಅಂದರು. ಯಾವ ಬಾಗಿಲು? ನಮ್ಮ ಮನೆಯ ಮುಂಬಾಗಿಲು. ನಾನು ಮದುವೆಯಾಗಿ ಬಂದು ಹದಿನಾಲ್ಕು ವರ್ಷ, ದಿನಾ ಆ ಬಾಗಿಲ ಮುಂದೆ ರಂಗೋಲಿ ಹಾಕಿದವಳು. ಆರ್‌ಸಿಸಿ ಮನೆಗೆ ಹೊಂದದ ಗಿಡ್ಡ ಸಾಗವಾನಿ ಬಾಗಿಲು, ಎತ್ತರದವರು ತಲೆ ಬಗ್ಗಿಸಿಯೇ ಬರಬೇಕು. ಮೇಲೆ ಒಂದು ಗೇಣು ಸಿಮೆಂಟ್ ತುಂಬಿಸಿದ್ದಾರೆ. ದುಡ್ಡು ಉಳಿಸಲು ಹಳೇದು ಹಾಕಿದ್ದಾರೆ ಅಂತಲೇ ನಾನು ತಿಳಿದಿದ್ದೆ.

ಅದು ಮುಳುಗಡೆ ಆದ ಮನೆಯ ಬಾಗಿಲಂತೆ. ಹಳೇ ಬಾಗಲಕೋಟೆಯಲ್ಲಿ ಹೊಳೆ ಕಡೆ ಓಣಿಯಲ್ಲಿ ಇವರ ಮನೆ ಇತ್ತು. ಆಲಮಟ್ಟಿ ಡ್ಯಾಮಿಗೆ 1964ರಲ್ಲೇ ಅಡಿಗಲ್ಲು ಬಿದ್ದಿತ್ತು, ಅತ್ತೆಯವರು ಇನ್ನೂ ಲಂಗದ ಹುಡುಗಿ ಆವಾಗ. ಮೂವತ್ತು ವರ್ಷದ ಮೇಲೆ ನೀರು ಬರುತ್ತದೆ ಬರುತ್ತದೆ ಅಂತ ಹೇಳುತ್ತಲೇ ಇದ್ದರು, ಯಾರೂ ನಂಬಿರಲಿಲ್ಲ. ಆ ಮನೆಗೆ ಸೊಸೆಯಾಗಿ ಬಂದರು, ಮೂರು ಹೆತ್ತರು. ಆಮೇಲೆ ಒಂದು ದಿನ ಅಳತೆಯವರು ಟೇಪು ಹಿಡಿದು ಬಂದು, ಕಂಬ ಎಷ್ಟು, ತೊಲೆ ಎಷ್ಟು, ಗೋಡೆ ಮಣ್ಣಿನದೋ ಕಲ್ಲಿನದೋ ಅಂತ ಬರೆದುಕೊಂಡು, ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಒಂದು ನಂಬರು ಬರೆದು ಹೋದರು. ಅವತ್ತು ಮಾವ ಊಟ ಮಾಡಲಿಲ್ಲವಂತೆ. ಪರಿಹಾರ ಬಂದ ಮೇಲೆ ಮನೆಯನ್ನು ತಾವೇ ಬಿಚ್ಚಿದರು. ಜಂತಿ, ತೊಲೆ ಮಾರಿದರು. ಬಾಗಿಲು ಮಾತ್ರ ಟ್ರ್ಯಾಕ್ಟರ್‌ನಲ್ಲಿ ಹಾಕಿಕೊಂಡು ಬಂದರು.

ಮಗ ಎದ್ದು ಓಡಿ ಹೋದ. ಸ್ಟೂಲ್ ಹಾಕಿಕೊಂಡು ಮೊಬೈಲ್ ಬ್ಯಾಟರಿ ಬಿಟ್ಟು ನೋಡಿದರೆ, ಒಳಗಿನ ಕಡೆ, ವಾರ್ನಿಷ್ ಕೆಳಗೆ, ಕೆಂಪು ಅಲ್ಲ, ಕಂದು ಬಣ್ಣಕ್ಕೆ ತಿರುಗಿದ ಎರಡು ಅಂಕಿ ಸರಿಯಾಗಿ ಕಂಡವು, ಮೂರನೆಯದು ಅರ್ಧ. ಅದು ಮೂರೋ ಎಂಟೋ ಗೊತ್ತಾಗುವುದಿಲ್ಲ. ಅವನು ಅಲ್ಲಿಂದಲೇ ಕೂಗಿದ, "ಆಯಿ, ಖರೇನ!"

ಈಗ ನೋಟ್‌ಬುಕ್ ತಗೊಂಡು ಬರೆಯಲು ಕೂತಿದ್ದಾನೆ. ಅಲ್ಲಿ ಶುರುವಾಯಿತು ಜಗಳ. ಮಾವ "1999ರಾಗ ಬಿಟ್ಟೀವಿ" ಅನ್ನುತ್ತಾರೆ. ಅತ್ತೆ "ಅಲ್ಲ, ನಿಮ್ಮ ಕಾಕಾನ ಮದುವಿ ಆದ ಮರುವರ್ಷ" ಅನ್ನುತ್ತಾರೆ. ಲಗ್ನಪತ್ರಿಕೆ ಹುಡುಕಿದರೆ ಅದರ ಪ್ರಕಾರ 2001 ಆಗುತ್ತದೆ. ಮಾವ ಟ್ರ್ಯಾಕ್ಟರ್ ಒಂದೇ ಸಲ ಬಂತು ಅನ್ನುತ್ತಾರೆ, ಅತ್ತೆ ಮೂರು ಸಲ ಅನ್ನುತ್ತಾರೆ. ಹೋಳಿ ಹುಣ್ಣಿಮೆಗೆ ಹಳೇ ಓಣಿಯಲ್ಲಿ ಎತ್ತಿನ ಬಂಡಿಯ ಮೇಲೆ ಬಣ್ಣದ ಬ್ಯಾರೆಲ್ ಇಟ್ಟುಕೊಂಡು ಬರುತ್ತಿದ್ದದ್ದು, ಹಲಗೆ ಸಪ್ಪಳಕ್ಕೆ ಕೂಸುಗಳು ಎದ್ದು ಅಳುತ್ತಿದ್ದದ್ದು, ಇದರಲ್ಲಿ ಮಾತ್ರ ಇಬ್ಬರೂ ಒಂದೇ. ಯಾವುದು ಬರೆಯಲಿ ಅಂತ ಮಗ ನನ್ನನ್ನು ಕೇಳಿದ. ಎರಡೂ ಬರಿ ಅಂದೆ. ಎಡಗಡೆ ಪುಟ ಅಜ್ಜಂದು, ಬಲಗಡೆ ಪುಟ ಆಯಿದು ಅಂತ ಮಾಡಿಕೊಂಡಿದ್ದಾನೆ. ಬಲಗಡೆ ಬೇಗ ತುಂಬುತ್ತಿದೆ. ಮಾವ ಸಿಟ್ಟಾಗಿದ್ದಾರೆ.

ಅಳುವ ಪುಸ್ತಕ ಬೇಡ ಅಂದವರು ಇವರೇ. ಮೊನ್ನೆ ಹೊರಸು, ಬೀಸುಕಲ್ಲು ಎಲ್ಲಾ ಹೇಳಿ ಮುಗಿಸಿ, ತುಳಸಿಕಟ್ಟೆಗೆ ಬಂದಾಗ ಸುಮ್ಮನಾದರು. ಅದನ್ನು ಬಿಚ್ಚಿ ತರಲು ಬರಲಿಲ್ಲವಂತೆ. ಮಗ ಪೆನ್ ಹಿಡಿದು ಕಾಯುತ್ತಾ ಕೂತಿದ್ದ. "ಅದನ್ನ ಬರಕೋಬ್ಯಾಡ" ಅಂದರು. ಅವನು ಬರೆದುಕೊಳ್ಳಲಿಲ್ಲ. ನಾನು ಇಲ್ಲಿ ಬರೆದುಬಿಟ್ಟೆ, ಅವರಿಗೆ ಹೇಳಬೇಡಿ.


ಇಂಡಿ_ಲಿಂಬೆ ಬರೆದದ್ದು:

ಅಕ್ಕಾವ್ರೇ, ನೋಟ್‌ಬುಕ್ ತುಂಬಿದ ಮೇಲೆ ಒಂದು ಜೆರಾಕ್ಸ್ ಕಳಿಸುತ್ತೀರಾ? ನಮ್ಮ ಕ್ಲಾಸಿನಲ್ಲಿ ಓದುತ್ತೇವೆ. ತುಳಸಿಕಟ್ಟೆ ಬಿಟ್ಟು.


ಗುಮ್ಮಟದ_ಕೆಳಗೆ ಬರೆದದ್ದು:

ನನ್ನ ಮಾತು ವಾಪಸ್ ತಗೊಳ್ಳುತ್ತೇನೆ. ನಮ್ಮ ಅವ್ವನ ತವರು ಬೀಳಗಿ ಕಡೆ, ಅದೂ ಮುಳುಗಡೆ ಊರೇ. ಸೋದರಮಾವನ ಮನೆಯ ಪಡಸಾಲೆ ಬಾಗಿಲು ಇದೇ ಥರ ಗಿಡ್ಡ ಇದೆ, ನಾನು ಎರಡು ಸಲ ಹಣೆ ಬಡಿಸಿಕೊಂಡಿದ್ದೇನೆ. ಹೋದ ವರ್ಷ ಮದುವೆಗೆ ಅಂತ ಅದಕ್ಕೆ ದಟ್ಟ ಹಸಿರು ಪೇಂಟ್ ಹೊಡೆಸಿಬಿಟ್ಟರು. ಈಗಷ್ಟೇ ಫೋನ್ ಮಾಡಿ ಕೇಳಿದೆ. "ನಂಬರ ಇತ್ತು, ಯಾಕ?" ಅಂದರು. ಭಾನುವಾರ ಉಸುಕಿನ ಕಾಗದ ತಗೊಂಡು ಹೋಗುತ್ತಿದ್ದೇನೆ. ಮಾಮಿ ಬೈಯುತ್ತಾರೆ, ನೋಡೋಣ.